ಗ್ರಂಥಋಣದ ಲೆಕ್ಕ

ಪ್ರಬಂಧ ಮುಗಿಯಿತೆಂದು ಕಾಲೇಜು ವಿದ್ಯಾರ್ಥಿ ನಿಟ್ಟುಸಿರು ಬಿಡುವ ಹೊತ್ತಿಗೆ ಎದುರಾಗುವ ಕೊನೆಯ ತೊಡಕು ಆಕರಗಳ ಪಟ್ಟಿ. ಲೇಖಕರ ಹೆಸರು ಮೊದಲೋ, ಪುಸ್ತಕದ್ದೋ? ಇಸವಿ ಎಲ್ಲಿ? ಅಲ್ಪವಿರಾಮವೋ, ಪೂರ್ಣವಿರಾಮವೋ? ಕನ್ನಡದಲ್ಲಿ ಈ ಪಟ್ಟಿಗೆ ‘ಗ್ರಂಥಋಣ’ ಎಂಬ ಸೊಗಸಾದ ಹೆಸರಿದೆ. ಸಾಲ ತಂದವನು ಯಾರಿಂದ, ಯಾವಾಗ ತಂದೆನೆಂದು ಬರೆದಿಡಬೇಕಲ್ಲವೆ? ಆ ಲೆಕ್ಕವನ್ನು ಇನ್ನೊಬ್ಬರು ತಾಳೆ ನೋಡುವಂತಿರಬೇಕು. ನಿಯಮಗಳೆಲ್ಲ ಹುಟ್ಟಿದ್ದು ಅದಕ್ಕಾಗಿ.

ಹಿಂದೆ ವಿದ್ವಾಂಸರು ಆಕರಗಳನ್ನು ಹೆಚ್ಚಾಗಿ ಪುಟದ ಕೆಳಗೆ, ಅಡಿಟಿಪ್ಪಣಿಯಲ್ಲಿ ತಮಗೆ ತೋಚಿದಂತೆ ಸೂಚಿಸುತ್ತಿದ್ದರು. 1881ರಲ್ಲಿ ಅಮೆರಿಕದ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮಾರ್ಕ್, ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಯ ಬೆಳವಣಿಗೆ ಕುರಿತ ಪ್ರಬಂಧದಲ್ಲಿ ಬೇರೆ ದಾರಿ ಹಿಡಿದರು. ಬರಹದ ನಡುವೆ ಆವರಣದೊಳಗೆ ಲೇಖಕನ ಹೆಸರು ಮತ್ತು ಇಸವಿ, ಪೂರ್ಣ ವಿವರ ಕೊನೆಯ ಪಟ್ಟಿಯಲ್ಲಿ. ಮುಂದೆ ‘ಹಾರ್ವರ್ಡ್ ಪದ್ಧತಿ’ ಎನಿಸಿಕೊಂಡ ಕ್ರಮದ ಮೂಲ ಇದೆಂದು ಹೇಳುತ್ತಾರೆ. ಯಾವ ಶೋಧ ಮೊದಲು, ಯಾವುದು ಆಮೇಲೆ ಎಂಬುದು ಮುಖ್ಯವಾದ ವಿಜ್ಞಾನಕ್ಕೆ ಅದು ಚೆನ್ನಾಗಿ ಒಗ್ಗಿತು.

1906ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಮುದ್ರಣಾಲಯ ತನ್ನ ಕೈಪಿಡಿಯನ್ನು ಪ್ರಕಟಿಸಿತು. 1929ರಲ್ಲಿ ಮನಶ್ಶಾಸ್ತ್ರಜ್ಞರು ತಮ್ಮ ಪತ್ರಿಕೆಯೊಂದರಲ್ಲಿ ಏಳು ಪುಟಗಳ ಸೂಚನೆ ಅಚ್ಚುಹಾಕಿದರು. ಅದೇ ಇಂದು ನಾನೂರು ಪುಟ ಮೀರಿದ ಎ.ಪಿ.ಎ. ಕೈಪಿಡಿ. ಭಾಷೆ, ಸಾಹಿತ್ಯದವರ ಎಂ.ಎಲ್.ಎ. ಸೂತ್ರಗಳು ಬಂದದ್ದು 1951ರಲ್ಲಿ. ವಿದ್ಯಾರ್ಥಿಗಳಿಗೆಂದೇ ದುಡಿದವರು ಕೇಟ್ ತುರೇಬಿಯನ್. ಷಿಕಾಗೋದಲ್ಲಿ 1930ರಿಂದ 1958ರವರೆಗೆ ಸಂಶೋಧನ ಪ್ರಬಂಧಗಳನ್ನು ಪರಿಶೀಲಿಸುವ ಕಾರ್ಯದರ್ಶಿಯಾಗಿದ್ದ ಆಕೆ 1937ರಲ್ಲಿ ಸಿದ್ಧಪಡಿಸಿದ ಕಿರುಹೊತ್ತಗೆ ಇಂದಿಗೂ ಪರಿಷ್ಕೃತಗೊಳ್ಳುತ್ತ ಬಳಕೆಯಲ್ಲಿದೆ.

ಈ ಪದ್ಧತಿಗಳ ಪಟ್ಟಿಯಲ್ಲೆಲ್ಲ ಒಂದು ಸಮಾನ ನಿಯಮ: ಕುಲನಾಮ ಮೊದಲು. ಪಶ್ಚಿಮದಲ್ಲಿ ಅದು ಸಾಮಾನ್ಯವಾಗಿ ಹೆಸರಿನ ಕೊನೆಯ ಪದ. ನಮ್ಮಲ್ಲಿ? ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಮೊದಲು ಸ್ವಂತ ಹೆಸರು, ಆಮೇಲೆ ತಂದೆಯದು, ಕೊನೆಗೆ ಮನೆತನದ್ದು. ‘ಬೇಂದ್ರೆ, ದ.ರಾ.’ ಎಂದರೆ ನಿಯಮಕ್ಕೆ ಸರಿ. ಆದರೆ ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ ಎಂಬಲ್ಲಿ ಊರು, ತಂದೆ, ಕೊನೆಗೆ ಸ್ವಂತ ಹೆಸರು. ಕುಲನಾಮವೇ ಇಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರನ್ನು ‘ಅಯ್ಯಂಗಾರ್’ ಎಂಬಲ್ಲಿ ಸೇರಿಸಿದರೆ, ‘ಮಾಸ್ತಿ’ ಎಂದೇ ಅವರನ್ನು ಬಲ್ಲ ಓದುಗ ಹುಡುಕುವುದೆಲ್ಲಿ? ಕುವೆಂಪು ಒಂದು ಪಟ್ಟಿಯಲ್ಲಿ ಕುವೆಂಪು, ಇನ್ನೊಂದರಲ್ಲಿ ‘ಪುಟ್ಟಪ್ಪ, ಕೆ.ವಿ.’ ಆಗಿಬಿಟ್ಟರೆ ಅರಿಯದವರಿಗೆ ಇಬ್ಬರು ಲೇಖಕರು! ಸಾಲ ತೀರಿಸಲು ಹೊರಟು ಸಾಲ ಕೊಟ್ಟವರ ಹೆಸರನ್ನೇ ಕೆಡಿಸಿದಂತೆ.

ಪ್ರಕಟಣೆಯ ಊರಿನ ಕಥೆಯೂ ಹೀಗೆಯೇ. ಎಂ.ಎಲ್.ಎ. 2016ರಲ್ಲಿ, ಎ.ಪಿ.ಎ. 2019ರಲ್ಲಿ ಪುಸ್ತಕಗಳಿಗೆ ಅದನ್ನು ಕೈಬಿಟ್ಟವು. ದೊಡ್ಡ ಪ್ರಕಾಶಕರಿಗೆ ಹತ್ತಾರು ನಗರಗಳಲ್ಲಿ ಕಚೇರಿಗಳಿರುವಾಗ ಊರಿನ ಹೆಸರಿಗೆ ಅರ್ಥ ಕಡಿಮೆ. ಆದರೆ ಮನೋಹರ ಗ್ರಂಥಮಾಲೆಯ ಮುಂದೆ ಧಾರವಾಡ, ಅಕ್ಷರ ಪ್ರಕಾಶನದ ಮುಂದೆ ಹೆಗ್ಗೋಡು ಎಂದು ಬರೆದರೆ ಪುಸ್ತಕ ಹುಡುಕುವವನಿಗೆ ಅದು ವಿಳಾಸವೇ ಆಗುತ್ತದೆ.

ಹಾಗೆಂದು ನಿಯಮಗಳನ್ನು ಗಾಳಿಗೆ ತೂರಬೇಕಿಲ್ಲ. ಕಾಲೇಜು ಹೇಳಿದ ಪದ್ಧತಿಯೊಂದನ್ನು ಮೊದಲಿನಿಂದ ಕೊನೆಯವರೆಗೆ ಪಾಲಿಸಬೇಕು, ಅಲ್ಲಲ್ಲಿ ಬದಲಿಸಬಾರದು. ಕನ್ನಡದ ಹೆಸರುಗಳನ್ನು ಮಾತ್ರ ಅವು ಪುಸ್ತಕದ ಮೇಲೆ ಅಚ್ಚಾದಂತೆ, ಜನ ಬಲ್ಲಂತೆ ಉಳಿಸಿಕೊಳ್ಳುವುದು ಲೇಸು. ಲೇಖಕರಿಗೆ ಎರಡು ಹೆಸರಿದ್ದರೆ ಒಂದರ ಬಳಿ ‘ನೋಡಿ’ ಎಂದು ಮತ್ತೊಂದನ್ನು ಸೂಚಿಸಿದರಾಯಿತು. ಪಟ್ಟಿ ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ: ವಿಷಯ ಗೊತ್ತಿಲ್ಲದ ಗೆಳೆಯನ ಕೈಗೆ ಅದನ್ನು ಕೊಟ್ಟು ಗ್ರಂಥಾಲಯಕ್ಕೆ ಕಳಿಸಿ. ಬೇಕಾದ ಪುಸ್ತಕವನ್ನೇ ಅವನು ಹಿಡಿದು ಬಂದರೆ, ಅಲ್ಪವಿರಾಮದ ಚಿಂತೆಯನ್ನು ಅಧ್ಯಾಪಕರಿಗೆ ಬಿಡಬಹುದು.