ಜೋರ್ಡನ್ ಆಂಡರ್ಸನ್

ಆಂಡರ್ಸನ್, ಜೋರ್ಡನ್ (1825–1907): ಅಮೆರಿಕದ ಟೆನೆಸಿಯಲ್ಲಿ ಗುಲಾಮನಾಗಿದ್ದು, ಬಿಡುಗಡೆಯ ನಂತರ ಒಹಾಯೊ ರಾಜ್ಯದ ಡೇಟನ್ ನಗರದಲ್ಲಿ ನಾಲ್ಕು ದಶಕ ಸಂಬಳಕ್ಕೆ ದುಡಿದವ. ಹಳೆಯ ಧಣಿಗೆ ಬರೆಸಿದ ಒಂದೇ ಒಂದು ಕಾಗದದಿಂದ ಹೆಸರಾದ.

ಬಿಗ್ ಸ್ಪ್ರಿಂಗ್‌ನ ಆಂಡರ್ಸನ್ ಮನೆತನದಲ್ಲಿ ಬೆಳೆದ ಈತನಿಗೆ ಅವರ ಹೆಸರೇ ಅಂಟಿಕೊಂಡಿತು. ಅಂತರ್ಯುದ್ಧದ ನಡುವೆ, 1864ರಲ್ಲಿ, ಉತ್ತರದ ಸೈನ್ಯದಿಂದ ಬಿಡುಗಡೆ ಪಡೆದ. ನ್ಯಾಶ್‌ವಿಲ್‌ನ ಸೈನಿಕ ಆಸ್ಪತ್ರೆಯಲ್ಲಿ ಕೆಲಕಾಲ ದುಡಿದು, ಹೆಂಡತಿ ಅಮಾಂಡ ಮತ್ತು ಮಕ್ಕಳೊಡನೆ ಡೇಟನ್ ಸೇರಿದ. ಅಲ್ಲಿ ಊಟ, ಬಟ್ಟೆಯ ಜೊತೆಗೆ ತಿಂಗಳಿಗೆ 25 ಡಾಲರ್ ಸಂಬಳ. ಮಕ್ಕಳು ಶಾಲೆಗೆ ಹೋಗತೊಡಗಿದರು.

ಯುದ್ಧ ಮುಗಿದಾಗ ಹಳೆಯ ಧಣಿ ಕರ್ನಲ್ ಪಿ. ಎಚ್. ಆಂಡರ್ಸನ್‌ಗೆ ಆಳುಗಳಿರಲಿಲ್ಲ. ಮರಳಿ ಬಂದು ದುಡಿಯುವಂತೆ ಈತನನ್ನು ಕೇಳಿಕೊಂಡ. ಓದುಬರಹ ಬಾರದ ಜೋರ್ಡನ್ 1865ರ ಆಗಸ್ಟ್ 7ರಂದು ಬ್ಯಾಂಕಿನ ಯಜಮಾನ ವ್ಯಾಲೆಂಟೈನ್ ವಿಂಟರ್ಸ್‌ಗೆ ಹೇಳಿ ಉತ್ತರ ಬರೆಸಿದ. ಮಾತೆಲ್ಲ ವಿನಯದ್ದೇ; ಒಳಗಿರುವುದು ಖಡಾಖಂಡಿತ ಲೆಕ್ಕ. ತನ್ನ 32 ವರ್ಷದ ದುಡಿಮೆಗೆ ತಿಂಗಳಿಗೆ 25 ಡಾಲರ್, ಹೆಂಡತಿಯ 20 ವರ್ಷಕ್ಕೆ ವಾರಕ್ಕೆ 2 ಡಾಲರ್, ಒಟ್ಟು 11,680 ಡಾಲರ್ ಬಾಕಿ. ಅದರ ಮೇಲೆ ಬಡ್ಡಿ ಬೇರೆ. ಕೊಟ್ಟ ಬಟ್ಟೆ, ತನಗಾಗಿ ವೈದ್ಯ ಮೂರು ಸಲ ಬಂದದ್ದು, ಹೆಂಡತಿಯ ಒಂದು ಹಲ್ಲು ಕೀಳಿಸಿದ್ದು, ಈ ಬಾಬ್ತುಗಳನ್ನು ವಜಾ ಮಾಡಿಕೊಂಡು ಉಳಿದದ್ದನ್ನು ಕಳಿಸಿದರೆ ಧಣಿಯ ಮಾತನ್ನು ನಂಬಬಹುದು ಎಂದ. ಪ್ರಾಯಕ್ಕೆ ಬಂದ ಹೆಣ್ಣುಮಕ್ಕಳಿಗೆ ಅಲ್ಲಿ ರಕ್ಷಣೆ ಇದೆಯೇ, ಕರಿಯರ ಮಕ್ಕಳಿಗೆ ಶಾಲೆ ಇದೆಯೇ ಎಂದೂ ಕೇಳಿದ. ತನ್ನತ್ತ ಗುಂಡು ಹಾರಿಸುತ್ತಿದ್ದ ಧಣಿಯ ಕೈಯಿಂದ ಪಿಸ್ತೂಲು ಕಸಿದುಕೊಂಡವನಿಗೆ ವಂದನೆ ತಿಳಿಸಿರೆಂದು ಕಾಗದ ಮುಗಿಸಿದ.

ಪತ್ರ ಅದೇ ವರ್ಷ ಸಿನ್ಸಿನಾಟಿ, ನ್ಯೂಯಾರ್ಕ್‌ನ ಪತ್ರಿಕೆಗಳಲ್ಲಿಯೂ ಲಿಡಿಯಾ ಮರಿಯಾ ಚೈಲ್ಡ್ ಸಂಪಾದಿಸಿದ ಪುಸ್ತಕದಲ್ಲಿಯೂ ಅಚ್ಚಾಯಿತು. ಇಷ್ಟು ಹದವಾದ ವ್ಯಂಗ್ಯ ಅನಕ್ಷರಸ್ಥನದಾಗಿರಲಾರದು ಎಂದು ಶಂಕಿಸಿದವರುಂಟು. ಬರಹ ಬಾರದವನಿಗೆ ಮಾತು ಬಾರದೆಂದು ಯಾರು ಹೇಳಿದರು? ಕುಟುಂಬ ಡೇಟನ್‌ನಲ್ಲಿ ಬಾಳಿದ್ದು ಜನಗಣತಿಯ ದಾಖಲೆಗಳಲ್ಲಿಯೇ ಇದೆ.

ಜೋರ್ಡನ್ ಟೆನೆಸಿಗೆ ದುಡಿಯಲು ಹಿಂದಿರುಗಲಿಲ್ಲ. ಪತ್ರದ ಖ್ಯಾತಿಯಿಂದ ಅವನ ಕೆಲಸವೇನೂ ಹಗುರಾಗಲಿಲ್ಲ: ಮನೆಯಾಳು, ಕುದುರೆಲಾಯದ ಆಳು, ಸಾರೋಟಿನ ಚಾಲಕ, 1894ರಿಂದ ಚರ್ಚಿನ (ಬಹುಶಃ ವೆಸ್ಲಿಯನ್ ಮೆಥಡಿಸ್ಟ್ ಚರ್ಚಿನ) ಪರಿಚಾರಕ. ಒಬ್ಬ ಮಗನಿಗೆ ವ್ಯಾಲೆಂಟೈನ್ ವಿಂಟರ್ಸ್ ಎಂದೇ ಹೆಸರಿಟ್ಟ. ಆತ ಮುಂದೆ ವೈದ್ಯನಾದ, ಕವಿ ಪಾಲ್ ಲಾರೆನ್ಸ್ ಡನ್‌ಬಾರ್‌ನ ಗೆಳೆಯನಾದ. ಜೋರ್ಡನ್ ಮತ್ತು ಅಮಾಂಡರ ಸಮಾಧಿಗಳು ಡೇಟನ್‌ನ ವುಡ್‌ಲ್ಯಾಂಡ್ ಸ್ಮಶಾನದಲ್ಲಿವೆ.