ಕಾಂಗೋ: ಹರಿವೂ ಇಳಿಜಾರೂ

ಆಫ್ರಿಕದ ಭೂಪಟವನ್ನು ತೆರೆದು ನೋಡಿ. ಸುಮಾರು 4,700 ಕಿ.ಮೀ. ಉದ್ದದ ಕಾಂಗೋ ನದಿ ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟುತ್ತದೆ. ಉತ್ತರದಲ್ಲಿ ಮಳೆ ಕಡಿಮೆಯಾದಾಗ ದಕ್ಷಿಣದಲ್ಲಿ ಮಳೆ ಸುರಿಯುತ್ತದೆ. ಹೀಗಾಗಿ ನದಿ ವರ್ಷವಿಡೀ ತುಂಬಿ ಹರಿಯುತ್ತದೆ.

ದಡದ ಜನರಿಗೆ ಇದೇ ಹೆದ್ದಾರಿ. ಕಿಸಂಗಾನಿಯಿಂದ ಕಿನ್ಶಾಸಾವರೆಗೆ ಸುಮಾರು 1,700 ಕಿ.ಮೀ. ದೂರ ದೋಣಿಗಳು ಜನರನ್ನೂ ಸರಕನ್ನೂ ಒಯ್ಯುತ್ತವೆ. ಮೀನು ಹಿಡಿಯುವುದಕ್ಕೂ, ಕಹಿ ಮರಗೆಣಸನ್ನು ನೆನೆಹಾಕಿ ಅದರ ವಿಷ ಕಳೆಯುವುದಕ್ಕೂ ನದಿಯೇ ಆಧಾರ.

ಕಿನ್ಶಾಸಾದ ಕೆಳಗೆ ಜಲಪಾತಗಳ ಸಾಲು, ಹಡಗುಗಳಿಗೆ ದಾರಿಯಿಲ್ಲ. ಈ ಅಡ್ಡಿಯನ್ನು ಬಳಸಿ ಹೋಗಲು ಬೆಲ್ಜಿಯಂನ ರಾಜ ಲಿಯೋಪೋಲ್ಡನ ಆಳ್ವಿಕೆಯಲ್ಲಿ 1890ರಿಂದ 1898ರವರೆಗೆ ಮಟಾಡಿ ರೈಲು ಮಾರ್ಗ ನಿರ್ಮಾಣವಾಯಿತು. ಅದಕ್ಕಾಗಿ ದುಡಿದ ಅನೇಕ ಕಾರ್ಮಿಕರು ರೋಗ, ಅಪಘಾತಗಳಿಂದ ಸತ್ತರು. ಆ ಮಾರ್ಗದಲ್ಲಿ ದಂತವೂ ರಬ್ಬರೂ ಹೊರದೇಶಕ್ಕೆ ಹೋದವು.

ಆದರೆ ಅಡ್ಡಿಯೇ ಶಕ್ತಿಯೂ ಹೌದು. ಇಂಗಾದಲ್ಲಿ ನದಿ ಸುಮಾರು 96 ಮೀಟರ್ ಇಳಿಯುತ್ತದೆ. ಸೆಕೆಂಡಿಗೆ ಸುಮಾರು 40,000 ಘನ ಮೀಟರ್ ನೀರು! ನೀವೇ ಲೆಕ್ಕ ಹಾಕಿ: ಸುಮಾರು 37,700 ಮೆಗಾವ್ಯಾಟ್. 1972 ಮತ್ತು 1982ರಲ್ಲಿ ಆರಂಭವಾದ ಎರಡು ವಿದ್ಯುದಾಗಾರಗಳ ಒಟ್ಟು ಸಾಮರ್ಥ್ಯ ಸುಮಾರು 1,775 ಮೆಗಾವ್ಯಾಟ್ ಮಾತ್ರ. ಅದರಲ್ಲೂ ಒಂದು ಪಾಲು ಸುಮಾರು 1,700 ಕಿ.ಮೀ. ದೂರದ ಕಟಾಂಗ ಗಣಿಗಳಿಗೆ ಹೋಗುತ್ತದೆ. ತಂತಿಯ ಕೆಳಗಿನ ಅನೇಕ ಹಳ್ಳಿಗಳಲ್ಲಿ ಕತ್ತಲೆಯಿದೆ. ನದಿಯ ಶಕ್ತಿಯನ್ನು ಅಳೆಯುವುದು ಸುಲಭ. ಅದು ಯಾರ ಮನೆಯ ದೀಪವಾಗುತ್ತದೆ ಎಂಬುದನ್ನು ಸೂತ್ರ ಹೇಳುವುದಿಲ್ಲ.