ಇಮಾಮ್‌ಬಾರಾ ಮೇಲಿಂದ ಕಂಡ ಲಕ್ನೋ

ಊರಿಡೀ ಒಂದೇ ಉದ್ದ ಚಿತ್ರದಲ್ಲಿ ಕಾಣುವ ಪನೋರಮಾ ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. 1858ರ ಮಾರ್ಚಿನಲ್ಲಿ ಬ್ರಿಟಿಷರು ಲಕ್ನೋವನ್ನು ಮರಳಿ ವಶಪಡಿಸಿಕೊಂಡ ಬಳಿಕ ಫೆಲಿಚೆ ಬಿಯಾಟೊ ಎಂಬ ಛಾಯಾಗ್ರಾಹಕ ನವಾಬ್ ಆಸಫುದ್ದೌಲಾ ಕಟ್ಟಿಸಿದ ಬಡಾ ಇಮಾಮ್‌ಬಾರಾ ಮೇಲೇರಿ ನಿಂತ. ಕ್ಯಾಮೆರಾವನ್ನು ನಿಂತಲ್ಲೇ ಸ್ವಲ್ಪಸ್ವಲ್ಪ ತಿರುಗಿಸುತ್ತ ಗಾಜಿನ ಫಲಕಗಳ ಮೇಲೆ ಒಂದೊಂದೇ ನೋಟ ಹಿಡಿದ. ಆ ಮುದ್ರಿಕೆಗಳನ್ನು ಸಾಲಾಗಿ ಜೋಡಿಸಿದರೆ ನಗರ ಪೂರ್ತಿಯಾಗುತ್ತದೆ.

ಆಗಿನ ಚಿತ್ರಗಳಲ್ಲಿ ಓಡಾಡುವವರು ಮೂಡುತ್ತಿರಲಿಲ್ಲ, ಫಲಕಕ್ಕೆ ಹೆಚ್ಚು ಹೊತ್ತು ಬೆಳಕು ಬೇಕಿತ್ತು. ಆದರೆ ಲಕ್ನೋದ ಬೀದಿಗಳು ಬರಿದಾಗಿದ್ದಕ್ಕೆ ಅದೊಂದೇ ಕಾರಣವಲ್ಲ; ನಿವಾಸಿಗಳನ್ನೇ ಹೊರಹಾಕಲಾಗಿತ್ತು. ಅದೇ ವರ್ಷ ಕರ್ನಲ್ ನೇಪಿಯರ್ ಯೋಜನೆಯಂತೆ ಹಳೆಯ ಮೊಹಲ್ಲಾಗಳನ್ನು ಕೆಡವಿ ಅಗಲ ರಸ್ತೆ ತೆಗೆದರು. ಇಮಾಮ್‌ಬಾರಾ ಸೇನೆಯ ಕೋಟೆಯ ಭಾಗವಾಯಿತು. ಬಿಯಾಟೊ ಗೆದ್ದವರ ಕಡೆಯವನೇ. ಆದರೂ ಕೆಡವಿದ್ದರ ಗುರುತು ಹುಡುಕುವವರಿಗೆ ಇಂದು ಅವನ ಚಿತ್ರಗಳೇ ಬೇಕಾಗುತ್ತವೆ!

ನಮ್ಮ ಫೋನು ಮಾಡುವುದೂ ಜೋಡಣೆಯ ಕೆಲಸವನ್ನೇ. ಕೈ ಚಾಚಿ ಬೀಸಿದರೆ ಹತ್ತಿರದ ಕಂಬ, ಗೋಡೆಗಳು ಮುರಿದಂತೆ ಬರುತ್ತವೆ. ಫೋನನ್ನು ಎದೆಗೆ ಹತ್ತಿರ ನೆಟ್ಟಗೆ ಹಿಡಿದು, ಆದಷ್ಟು ಅದೇ ಜಾಗದಲ್ಲಿರುವಂತೆ, ನಾವು ಅದರ ಸುತ್ತ ನಿಧಾನ ತಿರುಗಬೇಕು. ಸೂರ್ಯ ಬೆನ್ನ ಹಿಂದಿರಲಿ. ಬಸ್ಸು ಅಡ್ಡ ಬಂದರೆ ತುಂಡಾಗಿ ಮೂಡುತ್ತದೆ, ಅದು ಹೋಗಲಿ ಬಿಡಿ.

ವಿದ್ಯಾರ್ಥಿಗಳೇ, ನಿಮ್ಮ ಬೀದಿಯಲ್ಲಿ ರಸ್ತೆ ಅಗಲೀಕರಣದ ಗುರುತು ಬಿದ್ದಿದ್ದರೆ ಈ ರಜೆಯಲ್ಲೇ ಮಾಳಿಗೆ ಹತ್ತಿ. ತಾರೀಕು, ನಿಂತ ಜಾಗ ಎರಡನ್ನೂ ಚಿತ್ರದ ಜೊತೆ ಬರೆದಿಡಿ.